ಅತ್ತಿಗೆ ಅಡ್ಜಸ್ಟ್ ಮಾಡ್ಕೋತಾರೆ

ಕಳೆದ ಡಿಸೆಂಬರಿನ ಕೊನೆಯ ವಾರ. ಅರಸೀಕೆರೆಯ ನಮ್ಮ ಮನೆ ಮುಂದೆ ಏಳು ಸೀಟಿನ ಕಾರು ನಿಂತಿತ್ತು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಣ್ಣ, ಅಣ್ಣನ ಮಗಳು. ಮಕ್ಕಳಿಗೆ ರಜೆ, ಹಳೇಬೀಡು–ಬೇಲೂರು ನೋಡಿ ಸಂಜೆ ಹೊತ್ತಿಗೆ ವಾಪಸ್ ಬರೋದು ಅಂತ ಪ್ಲಾನು. ಹೊರಡುವಾಗ ಹೆಂಡತಿ ಕೇಳಿದಳು: "ಅತ್ತೆ ಜೊತೆ ಯಾರಿರ್ತಾರೆ?"

ಅಮ್ಮನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ಬಚ್ಚಲಿಗೆ ಹೋಗೋಕೂ ಒಬ್ಬರ ಆಸರೆ ಬೇಕು. ಪ್ರಶ್ನೆ ಸರಿಯಾಗೇ ಇತ್ತು. ಆದರೆ ಯಾರೂ ಉತ್ತರ ಕೊಡಲಿಲ್ಲ, ಯಾಕಂದ್ರೆ ಉತ್ತರ ಅಡುಗೆಮನೆಯಲ್ಲಿ ಚಿತ್ರಾನ್ನದ ಡಬ್ಬಿಗೆ ಮುಚ್ಚಳ ಹಾಕ್ತಾ ನಿಂತಿತ್ತು. ಅಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತಾ "ಅವಳು ಇರ್ತಾಳಲ್ಲ" ಅಂದ. ನಾನು "ಅತ್ತಿಗೆ ಅಡ್ಜಸ್ಟ್ ಮಾಡ್ಕೋತಾರೆ ಬಿಡು" ಅಂದೆ. ಅತ್ತಿಗೆ ಡಬ್ಬಿ ಚೀಲ ತಂದು ಕಾರಿನೊಳಗಿಟ್ಟು, "ಮೊಸರನ್ನ ಮೊದಲು ಖಾಲಿ ಮಾಡಿ, ಹುಳಿ ಬರುತ್ತೆ" ಅಂದರು.

ಏಳನೇ ಸೀಟಿನಲ್ಲಿ ಆ ಚೀಲ ಕೂತಿತ್ತು. ನನಗೆ ಅದು ಆಗ ಕಾಣಲಿಲ್ಲ.

ಅಣ್ಣನ ಮಗಳು ಮೈಸೂರಿನಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಓದ್ತಿದ್ದಾಳೆ. ಅವಳ ಪಕ್ಕ ಕೂತು ಪ್ರಯಾಣ ಮಾಡಿದರೆ ತೆಂಗಿನ ತೋಟದ ಬದಲು ತೋಟದ ಕೆಳಗಿನ ಬಂಡೆ ಬಗ್ಗೆ ಕೇಳಬೇಕಾಗುತ್ತೆ. ಬಾಣಾವರ ಬರೋ ತನಕ ಗ್ರಾನೈಟ್ ಪಾಠ ನಡೆಯಿತು. ಅರಸೀಕೆರೆ–ಬಾಣಾವರದ ಗ್ರಾನೈಟ್ ಸುಮಾರು 260 ಕೋಟಿ ವರ್ಷದ್ದಂತೆ. ಗಟ್ಟಿ ಕಲ್ಲು, ಯಾರ ಮಾತೂ ಕೇಳದ ಕಲ್ಲು. ಜಾವಗಲ್ ದಾಟಿ ಹಳೇಬೀಡು ತಲುಪಿದರೆ ಅದಕ್ಕೆ ತದ್ವಿರುದ್ಧವಾದ ಕಲ್ಲು: ಬಳಪದ ಕಲ್ಲು.

1121ರಲ್ಲಿ ಕಟ್ಟೋಕೆ ಶುರುವಾದ ಹೊಯ್ಸಳೇಶ್ವರ ದೇವಸ್ಥಾನದ ಆನೆಗಳು, ಕುದುರೆಗಳು, ರಾಮಾಯಣ, ಮಹಾಭಾರತ ಎಲ್ಲ ಈ ಕಲ್ಲಿನಲ್ಲೇ ಆಗಿರೋದು. ಬಳೆಯೊಳಗೆ ಬೆರಳು ತೂರುವಷ್ಟು ಸೂಕ್ಷ್ಮ ಕೆತ್ತನೆಗೆ ಕಾರಣ ಶಿಲ್ಪಿಯ ಕೈ ಎಷ್ಟೋ, ಕಲ್ಲಿನ ಮೆದುತನವೂ ಅಷ್ಟೇ. ಈ ಕಲ್ಲಿನಲ್ಲಿ ಟಾಲ್ಕ್ ಅನ್ನೋ ಖನಿಜ ಇರುತ್ತೆ. ನಾವು ಮಗುವಿನ ಮೈಗೆ ಹಚ್ಚುತ್ತಿದ್ದ ಪೌಡರ್ ಅದೇ. ಉಗುರಿನಲ್ಲಿ ಗೀರಿದರೂ ಗೆರೆ ಮೂಡುವಷ್ಟು ಮೃದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಮೇಲೆ ಗಟ್ಟಿಯಾಗುತ್ತೆ ಅಂತ ನಮ್ಮ ಗೈಡ್ ಹೇಳಿದರು. ಮಕ್ಕಳು "ಸೋಪಿನ ತರಾನಾ?" ಅಂತ ಕೇಳಿ ಗೋಡೆ ಮುಟ್ಟೋಕೆ ಹೋಗಿ ಬೈಸಿಕೊಂಡರು.

"ಬಳಪ, ಪೆನ್ಸಿಲ್ ಎರಡೂ ಬರೆಯೋದು ಒಂದೇ ಕಾರಣಕ್ಕೆ ಚಿಕ್ಕಪ್ಪ" ಅಂದಳು ಹುಡುಗಿ. "ಎರಡೂ ಪದರ ಪದರವಾಗಿರ್ತವೆ. ಒತ್ತಿದರೆ ಒಂದು ಪದರ ಬಿಟ್ಟುಕೊಡ್ತವೆ. ಹಾಗೆ ಬಿಟ್ಟುಕೊಟ್ಟಿದ್ದನ್ನೇ ನಾವು ಅಕ್ಷರ ಅಂತೀವಿ." ಬಳಪದ್ದು ಟಾಲ್ಕ್, ಪೆನ್ಸಿಲಿನದ್ದು ಗ್ರಾಫೈಟ್. ನಮ್ಮಜ್ಜಿ ಪೆನ್ಸಿಲ್ಲನ್ನು ಸೀಸದ ಕಡ್ಡಿ ಅಂತಿದ್ದರು, ಆದರೆ ಅದರಲ್ಲಿ ಸೀಸ ಇಲ್ಲ, ಇರೋದು ಇಂಗಾಲ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಸಿಗುವ ಇಂಗಾಲ ತುಂಬಿದ ಕಪ್ಪು ಕಲ್ಲುಗಳ ಬಗ್ಗೆಯೇ ಅವಳ ಪ್ರಾಜೆಕ್ಟು. ಉತ್ತರದಲ್ಲಿ ಗದಗದ ಕಡೆಯಿಂದ ದಕ್ಷಿಣಕ್ಕೆ ಹರಡಿರುವ ಆ ಪಟ್ಟಿ ಅರಸೀಕೆರೆಗೆ ಪೂರ್ವದಲ್ಲಿ, ಚಿಕ್ಕನಾಯಕನಹಳ್ಳಿ ಕಡೆ ಹಾದುಹೋಗುತ್ತೆ. ಒಂದು ಕಾಲದ ಸಮುದ್ರದ ತಳದ ಕೆಸರು 250 ಕೋಟಿ ವರ್ಷಕ್ಕೂ ಹಿಂದೆ ಹೂತುಹೋಗಿ, ಬೆಂದು, ಒತ್ತಡಕ್ಕೆ ಸಿಕ್ಕಿ ಕಲ್ಲಾಗಿದೆ. ಆ ಪಟ್ಟಿಯ ಪೂರ್ವದ ಅಂಚಿನಲ್ಲಿ ಭೂಮಿಯ ಎರಡು ದೊಡ್ಡ ತುಂಡುಗಳು ಒಂದನ್ನೊಂದು ಉಜ್ಜಿಕೊಂಡು ಸರಿದ ಗುರುತು ಉದ್ದಕ್ಕೂ ಇದೆ.

ಪಾರ್ಶ್ವನಾಥ ಬಸದಿಯ ಹೊಳೆಯುವ ಕಂಬಗಳ ಮುಂದೆ ಮಕ್ಕಳು ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಅವಳು ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದಳು: "ಅಮ್ಮ ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು ಚಿಕ್ಕಪ್ಪ."

ಮನೆಯಿಂದ ಒಂದು ಗಂಟೆಯ ದಾರಿ. ನಾನು ಬೆಂಗಳೂರಿಂದ ಆ ಹನ್ನೊಂದು ವರ್ಷದಲ್ಲಿ ಮೂರು ಸಲ ಬಂದಿದ್ದೆ. ಮೂರು ಸಲವೂ ಡಬ್ಬಿ ಚೀಲ ಅತ್ತಿಗೆ ಕಟ್ಟಿಕೊಟ್ಟದ್ದು.

ಬೇಲೂರಿನಲ್ಲಿ ಗೈಡ್ ಕಪ್ಪೆ ಚೆನ್ನಿಗರಾಯನ ಕತೆ ಹೇಳಿದರು. ನಿಮಗೂ ಗೊತ್ತಿರುತ್ತೆ. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷ ಇದೆ ಅಂತ ಒಬ್ಬ ಹುಡುಗ ಹೇಳ್ತಾನೆ, ಗಂಧ ಬಳಿದು ನೋಡಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗಲ್ಲ, ಅಲ್ಲಿ ಉಳಿಯಿಟ್ಟರೆ ನೀರು, ಕಪ್ಪೆ. ಹುಡುಗ ಅವನ ಮಗನೇ. ಇದು ಕತೆ. ಇತಿಹಾಸದಲ್ಲಿ ಉಳಿದಿರೋದು ಬಳ್ಳಿಗಾವೆಯ ದಾಸೋಜ ಮತ್ತವನ ಮಗ ಚಾವಣ ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿಕೊಂಡ ಹೆಸರುಗಳು. ಆದರೆ ಆವತ್ತು ನನಗೆ ಕತೆಯೇ ಜಾಸ್ತಿ ಚುಚ್ಚಿತು. ಕಲ್ಲಿನೊಳಗಿನ ದೋಷ ಕೆತ್ತುವವನಿಗೆ ಕಾಣಲ್ಲ. ಮನೆಯ ಮಕ್ಕಳಿಗೆ ಕಾಣುತ್ತೆ.

ವಾಪಸ್ ಬೆಂಗಳೂರಿಗೆ ಬಂದಮೇಲೆ ಅವಳು ಕಳಿಸಿದ ಒಂದಷ್ಟು ಓದಿದೆ. ಭೂಕಂಪದ ಬಗ್ಗೆ ಓದಲು ಹೋಗಿ ನಮ್ಮನೆ ಬಗ್ಗೆ ಓದಿದ ಹಾಗಾಯ್ತು. ವಿಜ್ಞಾನದ ಭಾಗವನ್ನು ನನಗೆ ತಿಳಿದಷ್ಟು ಹೇಳ್ತೀನಿ.

ಭೂಮಿಯ ಹೊರಪದರ ಒಂದೇ ತುಂಡಲ್ಲ. ಬಿರುಕುಗಳಿವೆ. ಬಿರುಕಿನ ಎರಡು ಕಡೆಯ ಬಂಡೆಗಳು ಒಂದಕ್ಕೊಂದು ಆತು ಸರಿಯುವ ಜಾಗಕ್ಕೆ ಸ್ತರಭಂಗ ಅಂತಾರೆ. ಬಂಡೆ ಬಂಡೆಯನ್ನು ಉಜ್ಜಿದರೆ ಘರ್ಷಣೆ. ಎಷ್ಟು ಘರ್ಷಣೆ ಅನ್ನೋದಕ್ಕೆ ಒಂದು ಲೆಕ್ಕ ಇದೆ. ನೂರು ಕೆಜಿ ಭಾರ ಮೇಲಿಂದ ಒತ್ತುತ್ತಿದ್ದರೆ, ಜಾರಿಸೋಕೆ ಎಷ್ಟು ಕೆಜಿ ಬಲದಿಂದ ತಳ್ಳಬೇಕು? ಗ್ರಾನೈಟಿನಂಥ ಹೆಚ್ಚಿನ ಬಂಡೆಗಳಿಗೆ 60ರಿಂದ 85 ಕೆಜಿ. ಬಂಡೆ ಯಾವುದೇ ಇರಲಿ, ಬಹುತೇಕ ಇಷ್ಟೇ ಅಂತ 1978ರಲ್ಲಿ ಜೇಮ್ಸ್ ಬೈಯರ್ಲಿ ತೋರಿಸಿದರು. ಆದರೆ ಕೆಲವು ಖನಿಜಗಳು ಈ ನಿಯಮಕ್ಕೆ ಹೊರಗೆ. ಶುದ್ಧ ಗ್ರಾಫೈಟ್ ಆದರೆ ಹತ್ತು ಕೆಜಿ ಆಸುಪಾಸು ಸಾಕು. ಟಾಲ್ಕ್ ಕೂಡ ಅದೇ ಜಾತಿ. ಎರಡು ಗಟ್ಟಿ ಬಂಡೆಗಳ ನಡುವೆ ಇಂಥದ್ದರ ಒಂದು ತೆಳು ಪದರ ಸಿಕ್ಕಿಕೊಂಡರೆ, ಎರಡೂ ಬಂಡೆಗಳು ತಮ್ಮ ಮೈ ಸವೆಸಿಕೊಳ್ಳದೆ ಸರಿಯಬಹುದು. ಅಷ್ಟೂ ಸವೆತ ಆ ಪದರದ ಪಾಲು.

ಇದರಲ್ಲಿ ಒಳ್ಳೇದೂ ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಉತ್ತರ ಭಾಗ ಬಿಗಿದುಕೊಂಡು ಕೂತಿರುತ್ತೆ. ತಳ್ಳಿದರೂ ಅಲುಗಲ್ಲ, ಹಾಗಾಗಿ ಒತ್ತಡ ಒಳಗೇ ಸೇರುತ್ತಾ ಹೋಗುತ್ತೆ. 1906ರಲ್ಲಿ ಅದು ಒಂದೇ ಸಲ ಬಿಟ್ಟಿತು, ಸ್ಯಾನ್ ಫ್ರಾನ್ಸಿಸ್ಕೋ ನಾಶವಾಯಿತು. ಅದೇ ಸ್ತರಭಂಗದ ಮಧ್ಯದ ಒಂದು ಭಾಗ ಮಾತ್ರ ವರ್ಷಕ್ಕೆ ಕೆಲವು ಸೆಂಟಿಮೀಟರ್ ಮೆಲ್ಲಗೆ ತೆವಳುತ್ತಾ ಇರುತ್ತೆ. ಅಲ್ಲಿ ಬೇಲಿ ಸೊಟ್ಟಗಾಗುತ್ತೆ, ರಸ್ತೆ ಅಂಚು ಬಾಗುತ್ತೆ, ದೊಡ್ಡ ಅನಾಹುತ ಆಗಲ್ಲ. ಅಲ್ಲಿ ಕೊರೆದು ತೆಗೆದ ಕಲ್ಲಿನ ಚೂರುಗಳಲ್ಲಿ ಟಾಲ್ಕ್ ಇದೆ ಅಂತ 2007ರಲ್ಲಿ ಪ್ರಕಟವಾಯಿತು. ಆಮೇಲೆ ಸಪೋನೈಟ್ ಅನ್ನೋ ಇನ್ನೊಂದು ಮೆತ್ತನೆ ಜೇಡಿ ಸಿಕ್ಕಿತು. ಒಟ್ಟಿನಲ್ಲಿ, ಬಿಟ್ಟುಕೊಡುವ ಒಂದು ಪದರ ಇರೋದರಿಂದಲೇ ಅಲ್ಲಿ ನೆಮ್ಮದಿ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನಮ್ಮ ಹಿರಿಯರ ಬುದ್ಧಿಮಾತಿಗೆ ವಿಜ್ಞಾನದ ಸಾಕ್ಷಿಯಾಗಿಬಿಡುತ್ತಿತ್ತು. ತಾಳಿದವನು ಬಾಳಿಯಾನು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡರೆ ಸಂಸಾರ, ಆಫೀಸು, ಮೂರು ಜನರ ಸೀಟಿನಲ್ಲಿ ನಾಲ್ಕು ಜನರ ಪ್ರಯಾಣ ಎಲ್ಲ ಸಲೀಸು. ನಾನೂ ಇದನ್ನೇ ನಂಬಿದವನು. ನಂಬೋಕೆ ನನಗೇನು ಕಷ್ಟ? ಅಡ್ಜಸ್ಟ್ ಮಾಡ್ಕೊಳ್ಳುವವನು ಬಹುತೇಕ ನಾನಾಗಿರಲಿಲ್ಲ.

ಆದರೆ ಇಂಗಾಲದ ಕಲ್ಲಿನ ಕತೆ ಅಲ್ಲಿಗೆ ಮುಗಿಯಲ್ಲ. ಕೆಸರಿನಲ್ಲಿ ಹೂತ ಇಂಗಾಲ ಶುರುವಿನಲ್ಲಿ ಗ್ರಾಫೈಟ್ ಆಗಿರಲ್ಲ. ಅದರ ಅಣುಗಳು ಅಡ್ಡಾದಿಡ್ಡಿ ಇರ್ತವೆ, ಪದರಗಳಿಗೆ ಇನ್ನೂ ಒಂದು ಸಾಲು ಇರಲ್ಲ. ಪ್ರಯೋಗಶಾಲೆಯಲ್ಲಿ ಇಂಥ ಇಂಗಾಲದ ಪುಡಿಯನ್ನು ಎರಡು ಕಲ್ಲಿನ ಸಿಲಿಂಡರುಗಳ ನಡುವೆ ಇಟ್ಟು, ಒತ್ತಿ, ಒಂದನ್ನು ಜೋರಾಗಿ ತಿರುಗಿಸ್ತಾರೆ. ನಮ್ಮ ಬೀಸುವ ಕಲ್ಲಿನ ದುಬಾರಿ ಆವೃತ್ತಿ ಅಂದುಕೊಳ್ಳಿ. ಮೊದಲಿಗೆ ಆ ಪುಡಿ ಚೆನ್ನಾಗೇ ತಡೆಯುತ್ತೆ, ಘರ್ಷಣೆ ಸುಮಾರು 0.5. ಅಂದರೆ ಮಾಮೂಲಿ ಬಂಡೆಗಿಂತ ತೀರಾ ಕಮ್ಮಿಯೇನಲ್ಲ. ಭೂಕಂಪದ ವೇಗದಲ್ಲಿ ಉಜ್ಜುತ್ತಾ ಹೋದಂತೆ 0.2ರ ಆಸುಪಾಸಿಗೆ ಕುಸಿಯುತ್ತೆ. ಉಜ್ಜಾಟ ಮತ್ತು ಶಾಖದಲ್ಲಿ ಅಡ್ಡಾದಿಡ್ಡಿ ಇಂಗಾಲ ಸಾಲುಗಟ್ಟಿ ಗ್ರಾಫೈಟಿನ ಕಡೆಗೆ ತಿರುಗುತ್ತೆ. ಜಾರಿದ್ದರಿಂದ ರಚನೆಯೇ ಬದಲಾಯಿತು, ರಚನೆ ಬದಲಾದ್ದರಿಂದ ಮುಂದಿನ ಜಾರಾಟ ಇನ್ನೂ ಸುಲಭವಾಯಿತು.

ಇನ್ನೂ ಒಂದು ವಿಷಯ. ಇದು ಹಿಂದಕ್ಕೆ ಹೋಗಲ್ಲ. ಒಮ್ಮೆ ಸಾಲುಗಟ್ಟಿದ ಇಂಗಾಲ ತಣ್ಣಗಾದಮೇಲೆ ಮತ್ತೆ ಅಡ್ಡಾದಿಡ್ಡಿ ಆಗಲ್ಲ. ಈ ಕಾರಣಕ್ಕೇ ಭೂವಿಜ್ಞಾನಿಗಳು ಕಲ್ಲಿನೊಳಗಿನ ಇಂಗಾಲ ಎಷ್ಟು ಸಾಲುಗಟ್ಟಿದೆ ಅಂತ ಅಳೆದು, ಆ ಕಲ್ಲು ತನ್ನ ಜೀವಮಾನದಲ್ಲಿ ಕಂಡ ಅತಿ ಹೆಚ್ಚು ಬಿಸಿ ಎಷ್ಟು ಅಂತ ಅಂದಾಜು ಮಾಡ್ತಾರೆ.

12 ಮೇ 2008ರಂದು ಚೀನಾದ ವೆಂಚುವಾನ್‌ನಲ್ಲಿ 7.9 ತೀವ್ರತೆಯ ಭೂಕಂಪವಾಯಿತು. ಸತ್ತವರು, ಕಾಣೆಯಾದವರು ಸೇರಿ 80 ಸಾವಿರಕ್ಕೂ ಹೆಚ್ಚು ಜನ. ಆರು ತಿಂಗಳೊಳಗೆ ಆ ಸ್ತರಭಂಗವನ್ನು ಕೊರೆಯೋಕೆ ಶುರು ಮಾಡಿ, ನೆಲ ಜಾರಿದ ತೆಳು ಪದರವನ್ನೇ ಹುಡುಕಿ ತೆಗೆದರು. ಅದರಲ್ಲಿ ಗ್ರಾಫೈಟ್ ಇತ್ತು. ಅಕ್ಕಪಕ್ಕದ ಅಷ್ಟು ಬಂಡೆ ಇದ್ದರೂ ನೆಲ ಜಾರಲು ಆರಿಸಿಕೊಂಡದ್ದು ಆ ಒಂದು ಎಳೆಯನ್ನ. ಅಂದರೆ, ಜಾರುವ ಪದರ ಇದ್ದ ಮಾತ್ರಕ್ಕೆ ಶಾಂತಿ ಗ್ಯಾರಂಟಿ ಇಲ್ಲ. ಮೆಲ್ಲಗೆ ತೆವಳುವಾಗ ಕಾಪಾಡುವ ಗುಣವೇ, ಒಮ್ಮೆ ವೇಗ ಹಿಡಿದರೆ ತಡೆಯೋಕೆ ಆಗದ ಗುಣವೂ ಆಗಬಹುದು.

ನಮ್ಮಲ್ಲಿ ಇನ್ನೊಂದು ಗಾದೆ ಇದೆ, ಮೊದಲನೆಯದಕ್ಕೆ ಎದುರಾಳಿ: ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ಎರಡು ಗಾದೆಗಳೂ ಒಂದೇ ಊರಿನವು, ಎರಡೂ ನಿಜ. ತಾಳ್ಮೆಯ ಗಾದೆಯನ್ನು ಬೇರೆಯವರಿಗೆ ಹೇಳ್ತೀವಿ, ಗುದ್ದಿನ ಗಾದೆಯನ್ನು ನಮಗೆ ನಾವೇ ಹೇಳ್ಕೋತೀವಿ.

ಆಫೀಸಿನ ಒಂದು ಉದಾಹರಣೆ ಹೇಳ್ತೀನಿ, ತಪ್ಪು ನನ್ನದೇ. ಕೆಲವು ವರ್ಷದ ಹಿಂದೆ ನನ್ನ ಟೀಮಿನಲ್ಲಿ ಏಳು ಜನ ಇದ್ದರು. ರಾತ್ರಿ ಸಿಸ್ಟಮ್ ಕೆಟ್ಟರೆ ಎದ್ದು ನೋಡುವ ಆನ್‌ಕಾಲ್ ಪಾಳಿ ಎಲ್ಲರಿಗೂ ಸಮನಾಗಿತ್ತು, ಕಾಗದದಲ್ಲಿ. ಒಬ್ಬನ ಮಗಳ ಹುಟ್ಟುಹಬ್ಬ, ಇನ್ನೊಬ್ಬಳ ತಂಗಿ ಮದುವೆ, ಮತ್ತೊಬ್ಬನಿಗೆ ಟ್ರೆಕ್ಕಿಂಗ್. ಪ್ರತಿ ಸಲ ಪಾಳಿ ಬದಲಾಯಿಸಿಕೊಂಡವನು ಒಬ್ಬನೇ ಹುಡುಗ. ಮೊದಲ ಸಲ ಕೇಳುವಾಗ ನಾನು ಸಂಕೋಚದಿಂದ ಕೇಳಿದ್ದೆ. ಮೂರನೇ ಸಲ ಸಂಕೋಚ ಇರಲಿಲ್ಲ. ಆರನೇ ಸಲ ಕೇಳಲೂ ಇಲ್ಲ, ನೇರ ಅವನ ಹೆಸರು ಹಾಕಿದೆ. ಅಪ್ರೈಸಲ್‌ನಲ್ಲಿ "ತುಂಬಾ ಹೊಂದಿಕೊಳ್ಳುವ ಸ್ವಭಾವ" ಅಂತ ಬರೆದೆ. ಹೊಗಳಿಕೆ ಅಂದುಕೊಂಡೇ ಬರೆದದ್ದು. ಅವನು ಯಾವ ಜಗಳವೂ ಮಾಡದೆ ಒಂದು ಸೋಮವಾರ ರಾಜೀನಾಮೆ ಕಳಿಸಿದ. ನಾವೆಲ್ಲ ಒಟ್ಟಿಗೆ "ಛೆ, ಸಡನ್ನಾಗಿ ಏನಾಯ್ತು?" ಅಂದೆವು.

ಸಡನ್ನಾಗಿ ಏನೂ ಆಗಿರಲಿಲ್ಲ. ಆ ಹುಡುಗ ಹುಟ್ಟಾ ಹೊಂದಿಕೊಳ್ಳುವವನೂ ಆಗಿರಲಿಲ್ಲ. ಮೊದಲ ಸಲ ಅವನಲ್ಲೂ ಒಂದಷ್ಟು ತಡೆ ಇತ್ತು, ಫೋನಿನಲ್ಲಿ ಎರಡು ಸೆಕೆಂಡ್ ಸುಮ್ಮನಾಗಿದ್ದ. ಉಜ್ಜಿ ಉಜ್ಜಿ ನಾವೇ ಅವನನ್ನು ನುಣುಪು ಮಾಡಿ, ಆಮೇಲೆ ಅದನ್ನು ಅವನ ಸ್ವಭಾವ ಅಂತ ಕರೆದೆವು.

ನನಗೆ ಇದರಲ್ಲಿ ಸಮಸ್ಯೆ ಅನಿಸೋದು ಇಲ್ಲೇ. ಬಿಟ್ಟುಕೊಡುವುದು ಒಂದು ಒಳ್ಳೇ ಗುಣ, ಅನುಮಾನವಿಲ್ಲ. ಆದರೆ ಗುಣ ಅಂತ ಕರೆಯಬೇಕಾದರೆ ಅದರಲ್ಲಿ ಆಯ್ಕೆ ಇರಬೇಕು. ಇವತ್ತು ಬಿಟ್ಟುಕೊಟ್ಟವರು ನಾಳೆ ಕೊಡದೇ ಇರಬಹುದು ಅನ್ನೋ ಸಾಧ್ಯತೆ ಉಳಿದಿರಬೇಕು. ಆ ಸಾಧ್ಯತೆಯೇ ಸವೆದುಹೋಗಿದ್ದರೆ ಅದು ವ್ಯಕ್ತಿಯ ಗುಣ ಅಲ್ಲ, ಮನೆಯ ರಚನೆ. ಗುಣಕ್ಕೆ ಗೌರವ ಕೊಡಬಹುದು. ರಚನೆಗೆ ಗೌರವ ಕೊಟ್ಟರೆ ಸಾಲದು, ಅದನ್ನು ಯಾರು ಕಟ್ಟಿದರು, ಯಾರಿಗೆ ಅನುಕೂಲ ಅಂತ ಕೇಳಬೇಕು.

ಇದಕ್ಕೆ ಒಂದು ಸಣ್ಣ ಪರೀಕ್ಷೆ ಇದೆ. ನಿಮ್ಮ ಮನೆಯಲ್ಲಿ, ಟೀಮಿನಲ್ಲಿ, ಗೆಳೆಯರ ಗುಂಪಿನಲ್ಲಿ ಸದಾ ಹೊಂದಿಕೊಳ್ಳುವ ಒಬ್ಬರನ್ನು ನೆನೆಸಿಕೊಳ್ಳಿ. ಅವರು ಒಂದೇ ಒಂದು ಸಲ "ಇಲ್ಲ, ಈ ಸಲ ನನ್ನ ಕೈಲಾಗಲ್ಲ" ಅಂದರೆ ನಿಮಗೆ ಏನನಿಸುತ್ತೆ? ಬೇರೆಯವರು ಇಲ್ಲ ಅಂದಾಗ ಅನಿಸಿದಷ್ಟೇ ಅನಿಸಿದರೆ ಪರವಾಗಿಲ್ಲ. ಅದರ ಬದಲು "ಇವರಿಗೇನಾಯ್ತು ಇವತ್ತು?" ಅಂತ ಆಶ್ಚರ್ಯ, ಆಮೇಲೆ ಸ್ವಲ್ಪ ಸಿಟ್ಟು ಬಂದರೆ, ಸಿಟ್ಟು ಬಂದ ಜಾಗದಲ್ಲೇ ನಿಮ್ಮ ಸಾಲ ಇದೆ.

ಇದಕ್ಕೆ ಎರಡು ಆಕ್ಷೇಪಗಳಿವೆ. ಎರಡನ್ನೂ ನಾನು ನನಗೇ ಹಾಕಿಕೊಂಡೆ.

ಒಂದು, ಯಾರೂ ಬಿಟ್ಟುಕೊಡದಿದ್ದರೆ ಏನಾಗುತ್ತೆ ಗೊತ್ತಲ್ಲ? ಗೊತ್ತು. ನಮ್ಮ ಡೆಕ್ಕನ್ ನೆಲ ಗಟ್ಟಿ, ಇಲ್ಲೆಲ್ಲ ಭೂಕಂಪ ಆಗಲ್ಲ ಅಂತಲೇ ಜನ ನಂಬಿದ್ದರು. 30 ಸೆಪ್ಟೆಂಬರ್ 1993ರ ಬೆಳಗಿನ ಜಾವ, ಗಣೇಶನನ್ನು ಬಿಟ್ಟುಬಂದು ಮಲಗಿದ್ದ ಕಿಲ್ಲಾರಿಯ ಜನ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಸಿಕ್ಕಿಬಿದ್ದರು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ನಮ್ಮ ಕಲಬುರಗಿ, ಬೀದರ್ ಜಿಲ್ಲೆಗಳ ಗಡಿಗೆ ಅದು ದೂರವಲ್ಲ. ಗಟ್ಟಿತನ ಅಂದರೆ ಒತ್ತಡ ಇಲ್ಲ ಅಂತಲ್ಲ, ಒತ್ತಡ ಕಾಣಿಸ್ತಿಲ್ಲ ಅಂತ ಅಷ್ಟೇ. ಎಲ್ಲರೂ ಗ್ರಾನೈಟಾದ ಮನೆಯನ್ನು ನಾನು ಬಯಸಲ್ಲ. ಪ್ರಶ್ನೆ ಬಿಟ್ಟುಕೊಡಬೇಕೋ ಬೇಡವೋ ಅಂತಲ್ಲ. ಬಿಟ್ಟುಕೊಡುವ ಕೆಲಸಕ್ಕೆ ಒಂದೇ ಕಾಯಂ ವಿಳಾಸ ಯಾಕೆ ಇರಬೇಕು ಅಂತ. ಕಲ್ಲಿಗೆ ಬೇರೆ ದಾರಿಯಿಲ್ಲ, ಅದು ಎಲ್ಲಿ ಸುಲಭವೋ ಅಲ್ಲೇ ಜಾರಬೇಕು. ನಮಗೆ ಕಷ್ಟದ ಕಡೆಯಿಂದಲೂ ಜಾರೋಕೆ ಬರುತ್ತೆ. ನಾವು ಕಲ್ಲಿಗಿಂತ ಮೇಲು ಅನ್ನೋದಾದರೆ ಅದಕ್ಕೆ ಇರೋ ಕಾರಣ ಇದೊಂದೇ ಇರಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಷ್ಟದ್ದು. ಅತ್ತಿಗೆ ಪ್ರೀತಿಯಿಂದಲೇ ಮಾಡ್ತಿದ್ದರೆ? ಅವರನ್ನು ಪಾಪ, ಸವೆದುಹೋದವರು ಅಂತ ಕರೆಯೋಕೆ ವರ್ಷಕ್ಕೆ ನಾಲ್ಕು ಸಲ ಊರಿಗೆ ಬರುವ ನಾನು ಯಾರು? ಇದು ನ್ಯಾಯವಾದ ಮಾತು. ಇಲ್ಲೂ ಗ್ರಾಫೈಟ್ ನನಗೆ ಒಂದು ಪಾಠ ಹೇಳಿತು. ಗ್ರಾಫೈಟ್ ದುರ್ಬಲ ಅನ್ನೋದು ಅರ್ಧ ಸತ್ಯ. ಪದರ ಪದರದ ನಡುವೆ ಹಿಡಿತ ಸಡಿಲ, ನಿಜ. ಆದರೆ ಒಂದು ಪದರದೊಳಗೆ ಅಣು ಅಣುವನ್ನು ಹಿಡಿದಿರುವ ಬಂಧ ವಜ್ರದಲ್ಲಿರುವ ಬಂಧಕ್ಕಿಂತ ಗಟ್ಟಿ. ಅತ್ತಿಗೆಯೂ ಹಾಗೇ. ಅಪ್ಪ ತೀರಿಕೊಂಡ ರಾತ್ರಿ ಗಂಡಸರು ಕೈಚೆಲ್ಲಿ ಕೂತಾಗ ಮನೆ ನಡೆಸಿದವರು ಅವರು. ಅವರು ಬಿಟ್ಟುಕೊಡೋದು ಶಕ್ತಿ ಇಲ್ಲ ಅಂತಲ್ಲ. ಆದರೆ ಪ್ರೀತಿಯಿಂದ ಮಾಡ್ತಾರೆ ಅನ್ನೋದು ಅವರ ಕಡೆಯ ಲೆಕ್ಕ. ನಮ್ಮ ಕಡೆಯ ಲೆಕ್ಕ ಅದರಿಂದ ತೀರಲ್ಲ. ಅವರ ಪ್ರೀತಿಯನ್ನು ನಮ್ಮ ಸೋಮಾರಿತನಕ್ಕೆ ರಸೀದಿ ಮಾಡಿಕೊಳ್ಳೋಕೆ ಆಗಲ್ಲ.

ಹಾಗಾದರೆ ಕೃತಜ್ಞತೆ? ನಾವು ಥ್ಯಾಂಕ್ಸ್ ಹೇಳ್ತೀವಲ್ಲ? ಅಮ್ಮಂದಿರ ದಿನ, ಮಹಿಳಾ ದಿನ, ಫ್ಯಾಮಿಲಿ ಗ್ರೂಪಿನಲ್ಲಿ ಹೂವಿನ ಜೊತೆ "ನೀವಿಲ್ಲದೆ ಈ ಮನೆ ಇಲ್ಲ ಅತ್ತಿಗೆ" ಅಂತ ನಾನೇ ಹಾಕಿದ್ದೀನಿ. ಇದರ ಬಗ್ಗೆಯೂ ಗ್ರಾಫೈಟಿನದ್ದೊಂದು ಸಂಗತಿ ಇದೆ. ಗ್ರಾಫೈಟ್ ತನ್ನಷ್ಟಕ್ಕೆ ತಾನೇ ನುಣುಪಲ್ಲ, ಗಾಳಿಯಲ್ಲಿ ತೇವ ಇರಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ತುಂಬಾ ಎತ್ತರಕ್ಕೆ ಹಾರತೊಡಗಿದಾಗ, ಅವುಗಳ ಜನರೇಟರಿನ ಕಾರ್ಬನ್ ಬ್ರಷ್‌ಗಳು ಬೇಗಬೇಗ ಪುಡಿಯಾಗಿ ಉದುರತೊಡಗಿದವು. ಕೆಳಗೆ ದೀರ್ಘಕಾಲ ಬಾಳುತ್ತಿದ್ದ ಅದೇ ಬ್ರಷ್. ಎತ್ತರದ ಒಣಗಾಳಿಯಲ್ಲಿ ತೇವ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇದನ್ನು ಓದಿದಾಗ ಮೊದಲು ಖುಷಿಯಾಯ್ತು. ನೋಡಿ, ಒಂದು ಒಳ್ಳೆ ಮಾತಿನ ತೇವ ಸಾಕು ಅಂತ. ಆಮೇಲೆ ತಿರುಗಿಸಿ ಯೋಚಿಸಿದೆ. ತೇವ ಬ್ರಷ್ಷಿನ ಭಾರ ಕಮ್ಮಿ ಮಾಡಲ್ಲ. ಬ್ರಷ್ ಇನ್ನಷ್ಟು ದಿನ ಜಾರುವ ಹಾಗೆ ಮಾಡುತ್ತೆ. ಅಂದರೆ ನನ್ನ ಹೂವಿನ ಮೆಸೇಜು ಅತ್ತಿಗೆಗೆ ಎಷ್ಟು ಉಪಕಾರವೋ, ಈ ಏರ್ಪಾಡು ಹೀಗೇ ನಡೆಯಲಿ ಅನ್ನುವ ನಮಗೆ ಅದಕ್ಕಿಂತ ಹೆಚ್ಚು ಉಪಕಾರ. ಥ್ಯಾಂಕ್ಸ್ ಬೇಡ ಅಂತಲ್ಲ. ಅದೂ ಇಲ್ಲದ ಮನೆಗಳಲ್ಲಿ ಜನ ಪುಡಿಯಾಗ್ತಾರೆ. ಆದರೆ ಥ್ಯಾಂಕ್ಸ್ ಹೇಳಿ ಕೈ ತೊಳೆದುಕೊಳ್ಳುವವನು ಎಣ್ಣೆ ಬಿಡುವವನು, ಭಾರ ಹೊರುವವನಲ್ಲ.

ಇಷ್ಟೆಲ್ಲ ಬರೆದಮೇಲೆ ನೀವೇನು ಮಾಡಿದಿರಿ ಅಂತ ಕೇಳ್ತೀರಿ. ದೊಡ್ಡದೇನೂ ಮಾಡಲಿಲ್ಲ.

ಫೆಬ್ರವರಿಯಲ್ಲಿ ನಾಲ್ಕು ದಿನ ಲ್ಯಾಪ್‌ಟಾಪ್ ಹಿಡಿದು ಒಬ್ಬನೇ ಅರಸೀಕೆರೆಗೆ ಹೋದೆ. ಶನಿವಾರ ಅತ್ತಿಗೆ, ಮಗಳು ಇಬ್ಬರೇ ಬೇಲೂರಿಗೆ ಹೋಗಿ ಬರಲಿ, ಅಮ್ಮನನ್ನು ಅಣ್ಣ, ನಾನು ನೋಡ್ಕೋತೀವಿ ಅಂದೆ. ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಅಣ್ಣ "ಆವತ್ತೇ ಯಾಕೆ, ತಿಪಟೂರಿಗೆ ಕೊಬ್ಬರಿ ಕಳಿಸೋದಿದೆ" ಅಂತ ಗೊಣಗಿದ. ಅಮ್ಮ "ನೀವು ಗಂಡಸರು ನನ್ನ ಹೇಗೆ ನೋಡ್ಕೋತೀರಿ?" ಅಂತ ಅತ್ತಳು. ಅತ್ತಿಗೆಯೇ "ಬೇಡ ಬಿಡು, ಸುಮ್ನೆ ರಾದ್ಧಾಂತ" ಅಂದರು. ಪಕ್ಕದ ಬೀದಿಯ ಒಬ್ಬರನ್ನು ದುಡ್ಡು ಕೊಟ್ಟು ಬೆಳಗಿನ ಕೆಲಸಕ್ಕೆ ಗೊತ್ತು ಮಾಡಿದೆವು. ಇದನ್ನು ಎರಡು ವರ್ಷದ ಹಿಂದೆಯೇ ಮಾಡಬಹುದಿತ್ತು. ನಮಗೆ ಹೊಳೆದಿರಲಿಲ್ಲ, ಯಾಕಂದ್ರೆ ಹೊಳೆಯುವ ಅಗತ್ಯ ಬಿದ್ದಿರಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಅಮ್ಮನ ಬಿಪಿ ಮಾತ್ರೆ ಯಾವುದು ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ ಅನ್ನೋದು ಗೊತ್ತಾಯ್ತು. ಅಣ್ಣ ಫೋನ್ ಮಾಡಿ ಕೇಳೋಣ ಅಂದ. ನಾನು ಬೇಡ ಅಂದೆ. ಡಬ್ಬಿಗಳನ್ನೆಲ್ಲ ಹಾಸಿಗೆ ಮೇಲೆ ಸುರಿದು, ಡಾಕ್ಟರ ಚೀಟಿ ಹುಡುಕಿ, ಹೆಸರಿಗೆ ಹೆಸರು ಹೊಂದಿಸಿ ನೋಡಿದೆವು. ಇಪ್ಪತ್ತು ನಿಮಿಷ ಹಿಡಿಯಿತು. ಆ ಮಧ್ಯೆ ಅಣ್ಣನಿಗೂ ನನಗೂ ಜೋರು ಮಾತಾಯಿತು: ಯಾರು ಬೆಂಗಳೂರಲ್ಲಿ ಹಾಯಾಗಿರೋದು, ಯಾರು ಊರಲ್ಲಿ ಸಿಕ್ಕಿಕೊಂಡಿರೋದು. ಎಷ್ಟೋ ವರ್ಷದ ಮಾತು. ನಮ್ಮಿಬ್ಬರ ನಡುವೆ ಇಷ್ಟು ದಿನ ಜಗಳ ಆಗದೇ ಇದ್ದದ್ದು ನಮ್ಮ ಒಳ್ಳೇತನದಿಂದಲ್ಲ, ನಡುವೆ ಒಬ್ಬರು ಇದ್ದದ್ದರಿಂದ ಅಂತ ಆಗ ಅರ್ಥವಾಯಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸುಸ್ತಾಗಿ, ಅಣ್ಣ ಅನ್ನಕ್ಕಿಟ್ಟ, ನಾನು ಅಮ್ಮನಿಗೆ ತಲೆ ಬಾಚಿದೆ. ಬೈತಲೆ ಸೊಟ್ಟಗೆ ಬಂತು.

ಸಂಜೆ ಏಳಕ್ಕೆ ಅತ್ತಿಗೆ ಬಂದರು. ಬಂದವರೇ ಅಡುಗೆಮನೆಗೆ ಹೋಗಿ, ನಾವು ತೊಳೆದಿಟ್ಟಿದ್ದ ಕುಕ್ಕರನ್ನು ಮತ್ತೆ ತೊಳೆದರು. ಕೈ ಒರೆಸಿಕೊಂಡು ಹೊರಗೆ ಬಂದು ಕೂತರು.

"ಹೇಗಿತ್ತು ಅತ್ತಿಗೆ ಬೇಲೂರು?"

"ಚೆನ್ನಾಗಿತ್ತು. ಜನ ಜಾಸ್ತಿ. ಆ ಕಂಬಗಳ ಹತ್ರ ಸುಮ್ನೆ ಒಂದು ಗಂಟೆ ಕೂತಿದ್ದೆ." ಆಮೇಲೆ ನನ್ನ ಕಡೆ ನೋಡದೆ, ಸೆರಗಿನ ತುದಿ ಸರಿ ಮಾಡ್ಕೊಳ್ಳುತ್ತಾ ಅಂದರು: "ಮುಂದಿನ ತಿಂಗಳು ಶೃಂಗೇರಿಗೆ ಹೋಗ್ಬೇಕು. ಒಂದು ರಾತ್ರಿ ಅಲ್ಲೇ ಉಳಿಯೋದು."

ಕೇಳಿದ್ದಲ್ಲ, ಹೇಳಿದ್ದು. ಅಣ್ಣ ಪೇಪರಿನಿಂದ ತಲೆ ಎತ್ತಿದ. ಅಮ್ಮ ಒಳಗಿಂದ "ಯಾರು ಹೋಗೋದು? ಎಲ್ಲಿಗೆ?" ಅಂದಳು. ನನಗೂ ಒಳಗೊಳಗೆ, ಈಗ ಇನ್ನೊಂದು ಸಲ ರಜೆ ಹಾಕಬೇಕಲ್ಲ ಅಂತ ಒಂದು ಸಣ್ಣ ಸಿಟ್ಟು ಎದ್ದಿತು. ಸುಳ್ಳು ಹೇಳಲ್ಲ.

ಫೋನ್ ತೆಗೆದು ಕ್ಯಾಲೆಂಡರ್ ನೋಡುತ್ತಾ ಕೇಳಿದೆ: "ಯಾವ ಶನಿವಾರ, ಅತ್ತಿಗೆ?"